ಆರಿಂಚು ಫ್ಲ್ಯಾಂಜ್ ಅಂದ್ರೆ ಯಾವ ಆರಿಂಚು ಸ್ವಾಮಿ?

ಫ್ಲ್ಯಾಂಜ್ ಅಂದ್ರೆ ಪೈಪುಗಳನ್ನ ಬೋಲ್ಟ್ ಹಾಕಿ ಜೋಡಿಸೋಕೆ ತುದಿಗೆ ಕೂರಿಸೋ ಲೋಹದ ಬಿಲ್ಲೆ. ಇಂಡೆಂಟಲ್ಲಿ (ಖರೀದಿ ಬೇಡಿಕೆಯಲ್ಲಿ) ‘6 ಇಂಚು, ಕ್ಲಾಸ್ 1500, ವೆಲ್ಡ್ ನೆಕ್, ಆರ್‌ಟಿಜೆ’ ಅಂತ (ಕ್ಲಾಸ್ ಅಂದ್ರೆ ಒತ್ತಡದ ದರ್ಜೆ, ವೆಲ್ಡ್ ನೆಕ್ ಅಂದ್ರೆ ಪೈಪಿಗೆ ವೆಲ್ಡ್ ಮಾಡೋ ಕತ್ತಿರೋದು, ಆರ್‌ಟಿಜೆ ಅಂದ್ರೆ ಗ್ರೂವಲ್ಲಿ ಲೋಹದ ರಿಂಗ್ ಕೂರೋ ಜೋಡಣೆ) ಗೀಚಿ ಕಳಿಸೋದು, ಮಾಲು ಬಂದ ಮೇಲೆ ‘ತೂತು ದೊಡ್ಡದು, ಸಪ್ಲೈಯರ್ ಟೋಪಿ ಹಾಕಿದ’ ಅಂತ ಕೂಗಾಡೋದು. ಬಳೆ ಕೊಳ್ಳೋರೂ ಕೈ ಅಳತೆ ಹೇಳ್ತಾರೆ ಮಾರಾಯ್ರೇ! ಬೋರ್, ಅಂದ್ರೆ ಒಳತೂತಿನ ವ್ಯಾಸ, ಎಷ್ಟು ಅಂತ ಬರೀದೇ ಇದ್ರೆ ಅವನಿಗೇನು ಕನಸು ಬೀಳುತ್ತಾ?

6 ಇಂಚು ಪೈಪಿನ ಹೊರವ್ಯಾಸ ಯಾವತ್ತಿದ್ರೂ 168.3 ಮಿಮೀ. ದಪ್ಪ ಹೆಚ್ಚಿದಷ್ಟೂ ಗೋಡೆ ಒಳಗಡೆಗೇ ಬೆಳೆಯೋದು. ಷೆಡ್ಯೂಲ್ ಅಂದ್ರೆ ಗೋಡೆ ದಪ್ಪದ ನಂಬರು. ಷೆಡ್ಯೂಲ್ 40ಕ್ಕೆ ಒಳವ್ಯಾಸ 154.1, 80ಕ್ಕೆ 146.3, 160ಕ್ಕೆ 131.8. ವೆಲ್ಡ್ ನೆಕ್ ಬೋರ್ ಇದಕ್ಕೆ ಸರಿಯಾಗಿ ಕೂರಬೇಕು. ಹಾಗಾಗಿಯೇ ಎಎಸ್‌ಎಂಇ ಬಿ16.5 (ಫ್ಲ್ಯಾಂಜಿನ ಮಾನದಂಡ) ಅದನ್ನ ಕೊಳ್ಳೋರೇ ಹೇಳಲಿ ಅಂತ ಬಿಟ್ಟಿರೋದು. ಕ್ಲಾಸಿನಿಂದ ತಿಳಿಯೋದು ಫ್ಲ್ಯಾಂಜಿನ ದಪ್ಪ, ಬೋಲ್ಟು, ರಿಂಗಿನ ಗ್ರೂವ್ ಅಷ್ಟೇ.

ಮಜಾ ಅಂದ್ರೆ ತಪ್ಪು ಬೋರಿನ ಫ್ಲ್ಯಾಂಜೂ ಎದುರಿನದಕ್ಕೆ ಅಚ್ಚುಕಟ್ಟಾಗಿ ಕೂರುತ್ತೆ. ಅದೇ 12 ಬೋಲ್ಟು, ಅದೇ ಆರ್46 ರಿಂಗ್. ಗೊತ್ತಾಗೋದು ವೆಲ್ಡರ್ ಫಿಟ್‌ಅಪ್‌ಗೆ ಕೂತಾಗಲೇ. ಷೆಡ್ಯೂಲ್ 160 ಪೈಪಿಗೆ 80ರ ಬೋರ್ ತಂದಿಟ್ರೆ ಸುತ್ತಲೂ 7.3 ಮಿಮೀ ಮೆಟ್ಟಿಲು, ಜೊತೆಗೆ ಫ್ಲ್ಯಾಂಜ್ ಕತ್ತಿನ ತುದಿಯ ಗೋಡೆ ಪೈಪಿಗಿಂತ ತೆಳು. ಲೇತಿಗೆ ಹಾಕಿದ್ರೆ ಲೋಹ ಕಡಿಮೆಯಾಗುತ್ತೆ, ಹೆಚ್ಚಾಗಲ್ಲ. ಅದು ಗುಜರಿಗೇ. ಉಲ್ಟಾ ಆಗಿ ಬೋರ್ ಚಿಕ್ಕದಿದ್ರೆ ಟೇಪರ್ (ಇಳಿಜಾರು) ಹೊಡೆದು ಉಳಿಸ್ಕೋಬಹುದು. ‘ಏನಾಗುತ್ತೆ ಬಿಡಿ’ ಅಂತ ಮೆಟ್ಟಿಲಿಟ್ಟೇ ವೆಲ್ಡ್ ಮಾಡಿದ್ರೆ ರೂಟ್ (ವೆಲ್ಡಿನ ತಳ) ಸರಿ ಬರಲ್ಲ, ಪಿಗ್ (ಪೈಪೊಳಗೆ ಓಡಿಸೋ ಕ್ಲೀನಿಂಗ್ ಸಾಧನ) ಸಿಕ್ಕಿಹಾಕಿಕೊಳ್ಳುತ್ತೆ, ಮರಳು ಬರೋ ತೈಲಬಾವಿಯಾದ್ರೆ ಆ ಅಂಚಿನ ಹಿಂದೆಯೇ ಗೋಡೆ ಸವೆಯೋಕೆ ಶುರು.

ಒಂದು ಸಾಲು ಜಾಸ್ತಿ ಬರೀರಿ: ‘ಬೋರ್ ಷೆಡ್ಯೂಲ್ 160, 131.8 ಮಿಮೀ’. ಗಾಡಿಯಿಂದ ಇಳಿಸಿದ ಕೂಡಲೇ ವರ್ನಿಯರ್ ಹಿಡಿದು ವೆಲ್ಡ್ ತುದಿಯಲ್ಲಿ ಎರಡು ಕಡೆ ಅಳೀರಿ. ಅಂಚಿನ ಪಂಚಿಂಗ್ (ಒತ್ತಿದ ಗುರುತು) ನೋಡಿ ಸಹಿ ಹಾಕಿದ್ರೆ ಸಾಲದು.

ಇನ್ನು ವೆಲ್‌ಹೆಡ್ ಕಡೆಯ ಎಪಿಐ 6ಎ (ತೈಲಬಾವಿ ಬಾಯಿಯ ಉಪಕರಣದ ಮಾನದಂಡ) ಫ್ಲ್ಯಾಂಜು. 7 1/16 ಇಂಚು, ಒತ್ತಡದ ದರ್ಜೆ 5000 ಪಿಎಸ್‌ಐದನ್ನೂ ನಮ್ಮ ಸ್ಟೋರಲ್ಲಿ ‘ಆರಿಂಚು’ ಅಂತಲೇ ಕರೀತಾರೆ, ಹಳೇ ಚಾಳಿ. ಅಲ್ಲಿ ಹೆಸರೇ ಬೋರ್: 179.4 ಮಿಮೀ. ಬಾವಿಯೊಳಗೆ ಉಪಕರಣ ಇಳೀಬೇಕಲ್ಲ, ಅದಕ್ಕೆ. 6 ಇಂಚು ಪೈಪಿನ ಹೊರವ್ಯಾಸಕ್ಕಿಂತ ಆ ತೂತೇ ದೊಡ್ಡದು, ಹಾಗಿದ್ದೂ ‘ಫುಲ್ ಬೋರ್ ತಂದು ಪೈಪಿಗೆ ವೆಲ್ಡ್ ಮಾಡಿ’ ಅಂತ ಡ್ರಾಯಿಂಗ್ ಬರುತ್ತೆ! ಕ್ಲಾಸ್ 1500 ಜೊತೆ ಬೋಲ್ಟು, ರಿಂಗು ಎರಡೂ ಹೊಂದುತ್ತೆ, ನಿಜ. ಆದ್ರೆ ಆ ಕ್ಲಾಸ್ 1500 ಕಡೆಯದು ಎ105 ಉಕ್ಕಾಗಿದ್ರೆ ತಣ್ಣಗಿರುವಾಗಲೇ 3705 ಪಿಎಸ್‌ಐ ಅದರ ಮಿತಿ. ಒಂದು ಕಡೆ 5000ದ ಪಂಚಿಂಗ್ ಕಾಣಿಸ್ತು ಅಂತ ಇಡೀ ಲೈನಿಗೆ 5000 ಅಂತ ಪೇಂಟ್ ಹೊಡೆಸಿದ ಮಹಾನುಭಾವರು ಮೊದಲು ಅದನ್ನ ಅಳಿಸಿ.