ಗೋಥೆನ್‌ಬರ್ಗಿನ ಪ್ರೊಫೆಸರ್ರೂ ನಮ್ಮ ಮಾರ್ಚ್ ತಿಂಗಳ ಜಗಳವೂ

ಮಾರ್ಚ್ ಬಂತಂದ್ರೆ ಟೈಮ್‌ಲೈನಲ್ಲಿ ಇದೊಂದು ಜಗಳ ಗ್ಯಾರಂಟಿ. ದೇಶದೇಶಗಳ ಪ್ರಜಾಪ್ರಭುತ್ವಕ್ಕೆ ಅಂಕ ಹಾಕೋ ಸ್ವೀಡನ್ನಿನ ವಿ-ಡೆಮ್ ಸಂಸ್ಥೆಯ ರಿಪೋರ್ಟ್ ಬರತ್ತೆ, ಒಂದು ಗುಂಪು "ನೋಡ್ರಪ್ಪ, ನಮ್ದು ಪ್ರಜಾಪ್ರಭುತ್ವಾನೇ ಅಲ್ವಂತೆ" ಅಂತ ಸ್ಕ್ರೀನ್‌ಶಾಟ್ ಹಾಕತ್ತೆ, ಇನ್ನೊಂದು ಗುಂಪು "ಎಲ್ಲೋ ಕೂತಿರೋ ಪ್ರೊಫೆಸರ್ ನಮಗೆ ಮಾರ್ಕ್ಸ್ ಹಾಕ್ತಾನಾ" ಅಂತ ಮೈಮೇಲೆ ಬೀಳತ್ತೆ. ರಿಪೋರ್ಟ್ ಓದಿದೋರು ಎರಡೂ ಕಡೆ ಕಮ್ಮಿ.

ಆ ಪ್ರೊಫೆಸರ್ ಹೆಸರು ಸ್ಟಾಫಾನ್ ಲಿಂಡ್‌ಬರ್ಗ್. ಗೋಥೆನ್‌ಬರ್ಗ್ ಯೂನಿವರ್ಸಿಟಿಯಲ್ಲಿ ರಾಜ್ಯಶಾಸ್ತ್ರ, 2014ರಲ್ಲಿ ವಿ-ಡೆಮ್ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದೂ ಇವ್ರೇ. ಯಾವ ದೇಶದಲ್ಲಿ ಡೆಮಾಕ್ರಸಿ ಕುಸೀತಿದೆ ಅಂದ್ರೂ ಪತ್ರಿಕೆಯೋರು ಫೋನ್ ಮಾಡೋದು ಇವ್ರಿಗೆ, ಇವ್ರೂ ಸುತ್ತಿ ಬಳಸಿ ಮಾತಾಡೋ ಜಾತಿ ಅಲ್ಲ, ನೇರಾನೇರ ಹೇಳ್ತಾರೆ.

ನಮ್ಮನ್ನ ಚುನಾವಣಾ ಸರ್ವಾಧಿಕಾರದ (ಅಂದ್ರೆ ಚುನಾವಣೆ ನಡೆಯತ್ತೆ, ಆದ್ರೆ ಪ್ರಜಾಪ್ರಭುತ್ವ ಅನ್ನೋಕೆ ಬೇಕಾದಷ್ಟು ಸ್ವಾತಂತ್ರ್ಯ ಇರಲ್ಲ) ಸಾಲಿಗೆ ಇಳಿಸಿದ್ದು 2021ರ ವರದಿ. ಅವ್ರ ಲಿಬರಲ್ ಡೆಮಾಕ್ರಸಿ ಇಂಡೆಕ್ಸಲ್ಲಿ (ಸೊನ್ನೆಯಿಂದ ಒಂದರವರೆಗಿನ ಅಳತೆ, ಒಂದಕ್ಕೆ ಹತ್ರ ಇದ್ದಷ್ಟೂ ಒಳ್ಳೇದು) 2013ಕ್ಕೆ 0.57 ಇದ್ದ ಭಾರತ 2020ಕ್ಕೆ 0.34. ರಾಜದ್ರೋಹದ ಕೇಸುಗಳು, ಭಯೋತ್ಪಾದನೆ ತಡೆಯೋಕಂತ ಇರೋ ಯುಎಪಿಎ ಕಾನೂನು, ಎನ್‌ಜಿಓಗಳ ಮೇಲಿನ ಬಿಗಿ, ಎಲ್ಲ ಕಾರಣಾನೂ ಅದ್ರಲ್ಲೇ ಇತ್ತು. ಅದಾದ ಕೆಲವೇ ದಿನಕ್ಕೆ ವಿದೇಶಾಂಗ ಮಂತ್ರಿ ಜೈಶಂಕರ್ ಇವ್ರೆಲ್ಲ ಜಗತ್ತಿಗೆ ತಮ್ಮನ್ನ ತಾವೇ ಕಾವಲುಗಾರರಾಗಿ ನೇಮಿಸ್ಕೊಂಡೋರು ಅನ್ನೋ ಅರ್ಥದಲ್ಲಿ ಝಾಡಿಸಿದ್ರು.

ಸರಿ, ಈ ನಂಬರ್ ಬರೋದು ಹೇಗೆ? ಒಂದು ಪ್ರಶ್ನೆ ತಗೊಳ್ಳಿ: ಸರ್ಕಾರ ಪತ್ರಿಕೆ, ಟೀವಿಗಳನ್ನ ಸೆನ್ಸಾರ್ ಮಾಡತ್ತಾ? ಉತ್ತರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲು. ಸೊನ್ನೆ ಅಂದ್ರೆ ನೇರವಾಗಿ, ದಿನಾಲೂ ಮಾಡತ್ತೆ. ಒಂದು ಅಂದ್ರೆ ದಿನಾಲೂ ಮಾಡತ್ತೆ, ಆದ್ರೆ ಸುತ್ತುದಾರೀಲಿ (ಜಾಹೀರಾತು ನಿಲ್ಸೋದು ಆ ತರ). ನಾಲ್ಕು ಅಂದ್ರೆ ಅಪರೂಪಕ್ಕೆ, ಹಾಗೆ ಮಾಡಿದ ಅಧಿಕಾರಿಗೆ ಸಾಮಾನ್ಯವಾಗಿ ಶಿಕ್ಷೇನೂ ಆಗತ್ತೆ. ಇಂಥ ಪ್ರಶ್ನೆ ನೂರಾರು, ಒಂದೊಂದಕ್ಕೂ ಆ ದೇಶ ಬಲ್ಲ ಐದಾರು ಜನ ತಜ್ಞರು ಉತ್ತರ ಕೊಡ್ಬೇಕು ಅನ್ನೋದು ಅವ್ರ ಗುರಿ. ಒಬ್ರು ಕೈ ಬಿಗಿ ಹಿಡಿದು ಮಾರ್ಕ್ಸ್ ಹಾಕೋರು, ಇನ್ನೊಬ್ರು ಧಾರಾಳಿ ಅಂತ ಇರ್ತಾರಲ್ಲ, ಅದನ್ನ ಅಳೆಯೋಕೆ ಎಲ್ರಿಗೂ ಒಂದೇ ಕಾಲ್ಪನಿಕ ದೇಶದ ವಿವರ ಕೊಟ್ಟು ಇದಕ್ಕೆಷ್ಟು ಅಂತ ಕೇಳ್ತಾರೆ, ಆಮೇಲೆ ಸ್ಟ್ಯಾಟಿಸ್ಟಿಕ್ಸ್ ಮಾಡೆಲ್ ಹಾಕಿ ಸರಿದೂಗಿಸ್ತಾರೆ. ಡೇಟಾ ಪೂರ್ತಿ ಫ್ರೀ, ಯಾರು ಬೇಕಾದ್ರೂ ಇಳಿಸ್ಕೊಂಡು ನೋಡಬಹುದು. ಬಾಯಿಗೆ ಬಂದಂಗೆ ಬರ್ದಿದ್ದು ಅನ್ನೋ ಮಾತು ನಂಗಂತೂ ಒಪ್ಪಿಗೆ ಇಲ್ಲ.

ಹಾಗಂತ ತಕರಾರೇ ಇಲ್ವಾ? ಇದೆ, ಗಟ್ಟಿಯಾದ್ದೇ ಇದೆ. ಪ್ರಧಾನಿ ಆರ್ಥಿಕ ಸಲಹಾ ಮಂಡಳಿಯ ಸಂಜೀವ್ ಸನ್ಯಾಲ್ 2022ರಲ್ಲಿ ಬರೆದ ಪೇಪರಲ್ಲಿ ಕೇಳಿದ್ರು, ಈ ತಜ್ಞರು ಯಾರು, ಲೆಸೋಥೊ ನಮಗಿಂತ ಮೇಲಿರೋದು ಹೇಗೆ ಅಂತ. ಇದು ಸರ್ಕಾರದ ಕಡೆಯೋರ ಮಾತು ಅಂತ ಬೇಕಾದ್ರೆ ತಳ್ಳಿಹಾಕಿ. ಆದ್ರೆ ಅಮೆರಿಕದಲ್ಲಿರೋ ರಾಜ್ಯಶಾಸ್ತ್ರಜ್ಞರಾದ ಆಂಡ್ರ್ಯೂ ಲಿಟಲ್, ಆನ್ ಮೆಂಗ್ 2024ರಲ್ಲಿ ಅದೇ ಗಾಯಕ್ಕೆ ಕೈ ಹಾಕಿದ್ರಲ್ಲ, ಆಡಳಿತ ಪಕ್ಷ ಸೋಲುತ್ತಾ ಅನ್ನೋ ತರದ ಎಣಿಸೋಕಾಗೋ ಲೆಕ್ಕ ನೋಡಿದ್ರೆ ಜಗತ್ತಿನಲ್ಲಿ ಅಂಥ ದೊಡ್ಡ ಕುಸಿತ ಕಾಣಲ್ಲ, ಅಂಕ ಹಾಕೋ ತಜ್ಞರೇ ಮುಂಚೆಗಿಂತ ನಿರಾಶಾವಾದಿಗಳಾಗಿರಬಹುದು ಅಂತ. ವಿ-ಡೆಮ್ ಕಡೆಯೋರು ಉತ್ತರಾನೂ ಕೊಟ್ರು, ಒಳ್ಳೇ ಜಗಳ ಅದು. ನಮ್ಮಲ್ಲೇ ನೋಡಿ, 2023ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಅಧಿಕಾರ ತಣ್ಣಗೆ ಕೈ ಬದಲಾಯ್ತು. ಆದ್ರೆ ಮತ ಎಣಿಕೆ ಸರಿಯಾಗಿ ಆದ್ರೆ ಮುಗೀತಾ? ಒಂದು ಟ್ವೀಟಿಗೆ ಜೈಲು ಸೇರಿದವನಿಗೆ ಈ 135ರಿಂದ ಏನು ಸಮಾಧಾನ?

ನನ್ನ ಸಿಟ್ಟಿರೋದು "ಚುನಾವಣಾ ಸರ್ವಾಧಿಕಾರ" ಅನ್ನೋ ಆ ಹಣೆಪಟ್ಟಿ ಮೇಲೆ. ಅವ್ರ ಡೇಟಾದಲ್ಲಿ ಪ್ರತಿ ಅಂಕಿಗೂ ಇಷ್ಟರಿಂದ ಇಷ್ಟರೊಳಗೆ ಇರಬಹುದು ಅನ್ನೋ ಅಂದಾಜಿನ ಮಿತಿ ಇರತ್ತೆ, ಗಡಿಯಲ್ಲಿರೋ ದೇಶಗಳನ್ನ ಅನುಮಾನದ ಗುರುತು ಹಾಕಿ ಬೇರೆ ಇಡೋ ವ್ಯವಸ್ಥೇನೂ ಇದೆ. ಟೀವಿಗೆ ಬರೋ ಹೊತ್ತಿಗೆ ಇದೆಲ್ಲ ಉದುರಿಹೋಗಿ ಒಂದು ಪದ ಉಳಿಯತ್ತೆ. ಮೀಡಿಯಾದೋರು ಹಾಗೇ ಬಿಡಿ ಅಂತೀರಾ? ಇಲ್ಲ ಸ್ವಾಮಿ, ಆ ಪದ ರಿಪೋರ್ಟಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದು ಅವ್ರೇ, ಅದು ಹೆಡ್‌ಲೈನ್ ಆಗತ್ತೆ ಅಂತ ಪ್ರೊಫೆಸರಿಗೆ ಚೆನ್ನಾಗೇ ಗೊತ್ತು. ಸಂದರ್ಶನದಲ್ಲೂ ಆ "ಇಷ್ಟರಿಂದ ಇಷ್ಟು" ಒಂದು ಸಾಲು ಹೇಳಿದ್ರೆ ಏನು ಗಂಟು ಹೋಗತ್ತೆ?

ಇನ್ನೊಂದು ಮಜಾ ಇದೆ. ಇದೇ ಲಿಂಡ್‌ಬರ್ಗ್ ಹೆಸರು ಮಾಡಿದ್ದೇ ಆಫ್ರಿಕಾದ ಚುನಾವಣೆಗಳ ಮೇಲಿನ ಅಧ್ಯಯನದಿಂದ. ಇನ್ನೂರಕ್ಕೂ ಹೆಚ್ಚು ಚುನಾವಣೆ ಜಾಲಾಡಿ ಅವ್ರು 2006ರ ಪುಸ್ತಕದಲ್ಲಿ ಹೇಳಿದ್ದು, ಚುನಾವಣೆ ಅರೆಬರೆ ಇದ್ರೂ ಪರವಾಗಿಲ್ಲ, ಮತ್ತೆ ಮತ್ತೆ ನಡೀತಾ ಇದ್ರೆ ಸ್ವಾತಂತ್ರ್ಯ ನಿಧಾನಕ್ಕೆ ಬೆಳೆಯತ್ತೆ ಅಂತ. ಈಗ ಅದೇ ಮನುಷ್ಯ ಚುನಾವಣೆ ನಡೀತಾನೇ ಇರತ್ತೆ, ಸ್ವಾತಂತ್ರ್ಯ ಸೋರಿಹೋಗ್ತಿರತ್ತೆ ಅಂತಿದಾರೆ. ಎರಡೂ ನಿಜ ಇರಬಹುದು, ಹತ್ತುವಾಗಿನ ನಿಯಮ ಇಳಿಯುವಾಗ ಬೇರೆ ಇರಬಹುದು. ಪ್ರತಿ ಮಾರ್ಚಲ್ಲೂ ಅವ್ರನ್ನ ಲೈನಿಗೆ ತಗೊಳ್ಳೋ ಆಂಕರ್‌ಗಳು ರ‍್ಯಾಂಕ್ ಎಷ್ಟು ಅಂತ ಕೇಳೋದು ಬಿಟ್ಟು, ಸಾರ್ ನಿಮ್ಮ ಆ ಆಫ್ರಿಕಾ ಲೆಕ್ಕ ಭಾರತದಲ್ಲಿ ಯಾಕೆ ಕೆಲಸ ಮಾಡ್ಲಿಲ್ಲ ಅಂತ ಕೇಳಿದ್ರೆ ಅರ್ಧ ಗಂಟೆ ಕೂತು ಕೇಳೋಕೆ ನಾನು ರೆಡಿ.