ಮಂಗನ ಕಾಯಿಲೆಗೆ ಆಸ್ಟ್ರಿಯಾದ ಪಾಠ ಹೊಂದುವುದೆ?

ಪರ: ಅವರು ಗೆದ್ದದ್ದನ್ನು ನೋಡಲೇಬೇಕು

ಮಾಘ ಮಾಸದ ಹೊತ್ತಿಗೆ ನಮ್ಮ ಸಾಗರ ಸೀಮೆಯ ಹೆಂಗಸರು ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣ ಎಲೆ, ತರಲು ಬೆಟ್ಟ ಹತ್ತುತ್ತಾರೆ. ಗುಡಿಸಿ, ಕಟ್ಟಿ, ಹೊರೆಯನ್ನು ತಲೆಗೇರಿಸಿಕೊಂಡು ಇಳಿಯುವಾಗ ಎಳ್ಳುಕಾಳಿಗಿಂತ ಚಿಕ್ಕದಾದ, ರಕ್ತ ಹೀರುವ ಉಣುಗು (ಉಣ್ಣೆ) ಕುತ್ತಿಗೆಗೆ ಹತ್ತಿಕೊಂಡಿರುತ್ತದೆ. ಸ್ನಾನ ಮಾಡುವಾಗಲೂ ಕಣ್ಣಿಗೆ ಬೀಳುವುದಿಲ್ಲ. ಕೆಲವೇ ದಿನಗಳಲ್ಲಿ ಜ್ವರ, ಸಹಿಸಲಾಗದ ತಲೆನೋವು. ನನ್ನ ಚಿಕ್ಕಮ್ಮ ಹೀಗೆ ಹಾಸಿಗೆ ಹಿಡಿದಾಗ ರಕ್ತಪರೀಕ್ಷೆಯ ವರದಿ ಕೈಸೇರಲು ಐದು ದಿನ ಹಿಡಿಯಿತು. ದೇವರ ದಯೆ, ಉಳಿದುಕೊಂಡರು. ಆದರೆ ಲೋಟ ಹಿಡಿದರೆ ಕೈ ನಡುಗುವುದು ತಿಂಗಳುಗಟ್ಟಲೆ ನಿಲ್ಲಲಿಲ್ಲ.

ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ), ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸೀಮೆಯ ಈ ಊರಿನ ಹೆಸರು ವೈದ್ಯಲೋಕಕ್ಕೆಲ್ಲ ಗೊತ್ತು. ಆ ಊರಿನ ಸುತ್ತಲಿನವರು ಮಾತ್ರ ಚಳಿಗಾಲ ಬಂತೆಂದರೆ ಇಂದಿಗೂ 'ಎಲ್ಲಾದರೂ ಮಂಗ ಸತ್ತಿದೆಯೆ' ಎಂದು ವಿಚಾರಿಸುತ್ತಲೇ ಇದ್ದಾರೆ; ಮಂಗಗಳ ಸಾವೇ ರೋಗದ ಮುನ್ಸೂಚನೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಸಾವುಗಳಾದಾಗ ಇಡೀ ತಾಲ್ಲೂಕು ನಿದ್ದೆಗೆಟ್ಟಿತ್ತು.

ಆಸ್ಟ್ರಿಯಾದಲ್ಲೂ ಕಾಡಿದೆ, ಉಣುಗಿದೆ, ಉಣುಗಿನಿಂದ ಹರಡುವ ಮೆದುಳುಜ್ವರವಿದೆ. ಅದರ ವೈರಾಣು ನಮ್ಮ ಕೆಎಫ್‌ಡಿ ವೈರಾಣುವಿನ ದಾಯಾದಿ. 1970ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ನೂರಾರು ಮಂದಿ ಆಸ್ಪತ್ರೆ ಸೇರುತ್ತಿದ್ದರು. ವಿಯೆನ್ನಾದ ವೈರಾಣು ತಜ್ಞ ಕ್ರಿಸ್ಟಿಯಾನ್ ಕುನ್ಜ್ ಲಸಿಕೆಯ ಹಿಂದೆ ಬಿದ್ದರು. 1981ರಲ್ಲಿ ಇಡೀ ದೇಶಕ್ಕೆ ಲಸಿಕೆ ಹಾಕುವ ಅಭಿಯಾನ ಶುರುವಾಯಿತು. ವಿಮೆಯಿಂದ ನೆರವು, ಹಂಗಾಮಿನಲ್ಲಿ ಔಷಧ ಅಂಗಡಿಗಳಲ್ಲಿ ರಿಯಾಯಿತಿ ದರ, ವರ್ಷ ವರ್ಷವೂ ಬಿಡದ ಪ್ರಚಾರ. ಇಂದು ಅಲ್ಲಿ 100ಕ್ಕೆ 80ಕ್ಕೂ ಹೆಚ್ಚು ಜನ ಒಮ್ಮೆಯಾದರೂ ಈ ಲಸಿಕೆ ಪಡೆದವರು. 1990ರ ದಶಕ ಮುಗಿಯುವ ಹೊತ್ತಿಗೆ ರೋಗ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ನಮ್ಮಲ್ಲೂ ಲಸಿಕೆಯಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷಕ್ಕೊಂದು. ಚುಚ್ಚಿದ ಜಾಗದ ಉರಿಗೆ ಹೆದರಿ ಎಷ್ಟೋ ಜನ ಎರಡನೆಯದಕ್ಕೆ ಬರಲೇ ಇಲ್ಲ. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಆ ಹಳೆಯ ಲಸಿಕೆಯನ್ನೇ ದಶಕಗಳ ಕಾಲ ನೆಚ್ಚಿಕೊಂಡು ಕುಳಿತದ್ದು ನನಗೆ ಇಂದಿಗೂ ಸಂಕಟ ತರುತ್ತದೆ. ಒಂದೇ ಕುಲದ ವೈರಾಣುವನ್ನು ಅವರು ಮಣಿಸಿದರು, ನಾವೇಕೆ ಮಣಿಸಲಿಲ್ಲ? ಹೋಲಿಕೆ ಮಾಡದಿದ್ದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಪ್ರಶ್ನೆ ಹುಟ್ಟದೆ ಬಜೆಟ್ಟಿನಲ್ಲಿ ಹಣವೂ ಬರುವುದಿಲ್ಲ.

ವಿರೋಧ: ಮೊದಲು ನಮ್ಮ ನೆಲವನ್ನು ಓದಿ

ಹೊರಗಿನ ನೀತಿ ಮಲೆನಾಡಿಗೆ ಹೊಸದಲ್ಲ. 1864ರಲ್ಲಿ ಬ್ರಿಟಿಷರು ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ತಜ್ಞನನ್ನು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನನ್ನಾಗಿ ನೇಮಿಸಿದರು. ಕಾಡನ್ನು ಮರದ ದಾಸ್ತಾನಿನಂತೆ ಎಣಿಸುವ ಯುರೋಪಿನ ಪದ್ಧತಿ ಇಲ್ಲಿ ಬೇರೂರಿತು. ಸ್ವಾತಂತ್ರ್ಯ ಬಂದರೂ ಆ ಕಣ್ಣು ಬದಲಾಗಲಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಯ ಮೇಲೆ ಅರಣ್ಯಭೂಮಿ ಹೋಯಿತು. ಅಲ್ಲಿ ಎದ್ದು ನಿಂತದ್ದು ಆಸ್ಟ್ರೇಲಿಯಾ ಮೂಲದ ಅಕೇಶಿಯಾ, ನೀಲಗಿರಿ. ಅಕೇಶಿಯಾದ ಒಣ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ, ಚರ್ಮದ ತುಂಡಿನಂತಿರುತ್ತದೆ. ಕೊಟ್ಟಿಗೆಗೆ ಹಾಸಿದರೆ ಮತ್ತಿ, ಹೊನ್ನೆಯ ಎಲೆಯಂತೆ ಬೇಗ ಕೊಳೆತು ಗೊಬ್ಬರವಾಗದು. ಅದಕ್ಕೇ ನಮ್ಮ ಮನೆಯವರು ಹತ್ತಿರದ ನೆಡುತೋಪು ದಾಟಿ ಒಳಕಾಡಿಗೆ ಹೋಗಬೇಕಾಯಿತು. ಉಣುಗು ಇರುವುದೂ ಅಲ್ಲಿಯೇ.

ಕಾಡು ಉಳಿಸಿದ ರೈತನಿಗೆ ಹಣ ಕೊಡುವ ಕೋಸ್ಟಾರಿಕಾದ 1996ರ ಕಾಯಿದೆಯನ್ನು ಇಲ್ಲಿಗೂ ತರಬೇಕೆನ್ನುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಅಂಥ ಹಣ ಜಮೀನಿನ ದಾಖಲೆ ಇರುವವನನ್ನು ಹುಡುಕಿಕೊಂಡು ಹೋಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟು, ಲಾರಿಯಲ್ಲಿ ಪಾತ್ರೆಪಗಡಿ ಹೇರಿಕೊಂಡು ಬಂದವರ ಮೊಮ್ಮಕ್ಕಳಲ್ಲಿ ಹಲವರು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರ ಖಾತೆಗೆ ಯಾವ ಪಹಣಿ ನೋಡಿ ಹಣ ಹಾಕುವುದು?

ಆಸ್ಟ್ರಿಯಾದ ಮಾತೂ ಹೀಗೆಯೇ. ಅವರ ಕೈಯಲ್ಲಿ ಕೆಲಸ ಮಾಡುವ ಲಸಿಕೆಯಿತ್ತು, ನಮ್ಮ ಕೈ ಇಂದು ಬರಿದು. ಲಸಿಕೆಯಿಲ್ಲದೆ ಅವರ ಅಭಿಯಾನದಿಂದ ಕಲಿಯಬೇಕಾದದ್ದಾದರೂ ಏನು? ಹೋಲಿಸಲೇಬೇಕೆಂದರೆ ವಯನಾಡನ್ನು ನೋಡಿ, ಗೋವೆಯ ಸತ್ತರಿ ತಾಲ್ಲೂಕನ್ನು ನೋಡಿ. ಅಲ್ಲಿರುವುದೂ ಇದೇ ಕಾಯಿಲೆ, ಇದೇ ಘಟ್ಟ, ಇದೇ ಕಾಯಿದೆ. ಸತ್ತ ಮಂಗದ ಸುದ್ದಿ ಮುಟ್ಟಿದ ಮೇಲೆ ಎಷ್ಟು ಹೊತ್ತಿಗೆ ಇಲಾಖೆಯ ಜನ ಬರುತ್ತಾರೆ, ಪರೀಕ್ಷೆಯ ವರದಿ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಆ ಊರುಗಳ ಜೊತೆ ಪಕ್ಕಪಕ್ಕದಲ್ಲಿಟ್ಟು ಅಳೆಯಬಹುದು.

ನಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಒಬ್ಬರು ಅಜ್ಜಿ ಎದ್ದು ನಿಂತರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಾಟಲಿ ಕೈಯಲ್ಲಿತ್ತು, ಮುಚ್ಚಳ ಕೂಡ ತೆರೆದಿರಲಿಲ್ಲ. "ದರಗು ತಂದು ಮುಗಿದ ಮೇಲೆ ಇದನ್ನು ಕೊಟ್ಟಿದ್ದೀರಿ. ಮುಂದಿನ ಸಲ ದೀಪಾವಳಿಗೇ ಕೊಡಿ" ಎಂದರು. ನಡಾವಳಿ ಪುಸ್ತಕದಲ್ಲಿ ಆ ಮಾತನ್ನು ಬರೆಸಿಯೇ ನಾವು ಎದ್ದು ಬಂದೆವು.