ಕೀ ಮಲಗಿದೆ, ಎಬ್ಬಿಸಬೇಡ

ಹೋದ ತಿಂಗಳು ಪುಟ್ಟಿಗೆ 4 ತುಂಬಿತು. ಆ ದಿನಕ್ಕೆ ನಾನು ಕಾದಷ್ಟು ಅವಳೂ ಕಾದಿರಲಿಲ್ಲ. ಮಕ್ಕಳ ಹಟ, ರಂಪ ಎಲ್ಲ ಒಂದರಿಂದ ನಾಲ್ಕು ವರ್ಷದೊಳಗೆ ಜಾಸ್ತಿ, ಮಾತು ಬಲಿತ ಹಾಗೆ ತಾನಾಗೇ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಾಲದ ಕೊನೇ ಕಂತಿಗೆ ಬಂದವನ ಹಾಗೆ ದಿನ ಎಣಿಸಿದ್ದೆ. ಕೇಕ್ ಕತ್ತರಿಸಿದ್ದಾಯಿತು. ಮಾರನೇ ದಿನ ಬೆಳಿಗ್ಗೆ ನೋಡಿದರೆ, ಟೂತ್‌ಪೇಸ್ಟನ್ನು ಪೂರ್ತಿ ಹಿಂಡಿ ಬಚ್ಚಲ ಗೋಡೆಗೆ ಬಳಿಯುತ್ತಿದ್ದಳು.

"ಏನಮ್ಮಾ ಇದು?"

"ಗೋಡೆ ಹಲ್ಲುಜ್ಜಿಲ್ಲ ಅಪ್ಪ."

ಸರಿ, ಬದಲಾಗಬೇಕಾದ್ದು ನಾನೇ ಎಂದುಕೊಂಡೆ. ರಾತ್ರಿ ಮೊಬೈಲ್‌ನಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಸಿಕ್ಕಿದ್ದನ್ನೆಲ್ಲ ನೋಡಿದೆ. ಕೂಗಾಡಬೇಡಿ, ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡಿ, ಹುಕುಂ ಮಾಡುವ ಬದಲು ಎರಡು ಆಯ್ಕೆ ಕೊಡಿ. ಸಿಟ್ಟಿಗೆ ಮೂಗುದಾರ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಹೊತ್ತಿಗಂತೆ. ಪಾಪ, ಮಗುವಿನದೇನು ತಪ್ಪು ಅಲ್ವಾ? ಇದನ್ನು ಹೆಂಡತಿಗೆ ಹೇಳಿದೆ.

"ನಿಮಗೆ ಈಗ 38 ಅಲ್ವೇನ್ರೀ?" ಎಂದಳು. ಅಷ್ಟೇ ಅಂದಿದ್ದು.

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ಟ್ರೈನಿನಲ್ಲಿ ಹೋಗಿ ಬರುವವನು. ಸುಮಾರು 70 ಕಿಲೋಮೀಟರು. ಈ ಪಾಸಿನವರ ಜೀವನ ನಿಮಿಷದ ಲೆಕ್ಕದ್ದು. ಶೂ ಲೇಸು ಬಿಚ್ಚಿಕೊಂಡರೂ ಬೋಗಿಯಲ್ಲಿ ನಮ್ಮ ಜಾಗ ಹೋಯಿತೆಂದೇ ಅರ್ಥ. ಅಂಥದ್ದರಲ್ಲಿ ಮಂಗಳವಾರ ಬೆಳಿಗ್ಗೆ ಮೊಳೆಗೆ ತೂಗುಹಾಕಿದ್ದ ಸ್ಕೂಟರ್ ಕೀ ಇರಲಿಲ್ಲ. ಡೂಪ್ಲಿಕೇಟ್ ಒಂದಿತ್ತು. ಪುಟ್ಟಿಗೆ ಸಿಗಬಾರದು ಎಂದು ಭದ್ರವಾಗಿ ಎತ್ತಿಟ್ಟಿದ್ದೆ. ಎಷ್ಟು ಭದ್ರ ಎಂದರೆ ನನಗೂ ಸಿಗಲಿಲ್ಲ.

"ಪುಟ್ಟಿ, ಕೀ ನೋಡಿದ್ಯಾ?"

"ಹೂಂ."

"ಎಲ್ಲಿದೆ ಕಂದಾ?"

"ಮಲ್ಕೊಂಡಿದೆ. ಶ್! ಎಬ್ಬಿಸಬೇಡ."

ಮಲಗಿದೆ ಎಂದ ಮೇಲೆ ಹಾಸಿಗೆಯಲ್ಲೇ ಇರಬೇಕಲ್ಲ. ದಿಂಬು ಕೊಡವಿದೆ, ಕಂಬಳಿ ಝಾಡಿಸಿದೆ, ಮಂಚದ ಕೆಳಗೆ ತೆವಳಿದೆ. ಅರ್ಧ ಚೀಪಿದ ಕೊಬ್ಬರಿ ಮಿಠಾಯಿ ಸಿಕ್ಕಿತು. ಯುಗಾದಿಯಿಂದ ಕಾಣೆಯಾಗಿದ್ದ ಟಿವಿ ರಿಮೋಟು ಸಿಕ್ಕಿತು. ಕೀ ಇಲ್ಲ.

ಆಗ ಮೊಬೈಲಿನ ಪಾಠ ನೆನಪಾಯಿತು. ಮೊಣಕಾಲೂರಿ ಅವಳ ಎತ್ತರಕ್ಕೆ ಬಗ್ಗಿದೆ. ಮಂಡಿ ಲಟಕ್ ಎಂದಿತು. ಬಾಯಿ ತೆರೆಯುವಷ್ಟರಲ್ಲಿ ಅವಳು ಬೆನ್ನೇರಿ "ಅಂಬಾರಿ!" ಎಂದು ಕೂಗಿದಳು. ಅಂಬಾರಿ ಹೊತ್ತುಕೊಂಡೇ, ದನಿ ತಗ್ಗಿಸಿ, ಎರಡು ಆಯ್ಕೆ ಕೊಟ್ಟೆ. "ನೋಡು ಚಿನ್ನ, ಕೀ ನೀನೇ ತಂದ್ಕೊಡ್ತೀಯಾ, ಇಲ್ಲ ಇಬ್ರೂ ಸೇರಿ ಹುಡುಕೋಣ್ವಾ?"

ಅವಳು ಸ್ವಲ್ಪ ಯೋಚನೆ ಮಾಡಿದಳು. "ತಟ್ಟೆ ಇಡ್ಲಿ."

ತಟ್ಟೆ ಇಡ್ಲಿಗೇ ಹೆಸರಾದ, ನಮ್ಮ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳಿಗೆ ಎರಡೇ ಆಯ್ಕೆ ಕೊಡುವುದು ದಡ್ಡತನ.

ಇಷ್ಟನ್ನೂ ಅಮ್ಮ ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು. "ಕೂಸಿನ ಹತ್ರ ಏನೋ ಕೋರ್ಟು ನಡೆಸ್ತಿದೀಯಾ? ನೀನೇನು ಕಮ್ಮಿ ಇದ್ದೆಯಾ? ನಿಮ್ಮಪ್ಪನ ಕನ್ನಡಕ ಬಾವಿಗೆ ಹಾಕಿದ್ದೆ."

"ಆಗ ಅಪ್ಪ ಏನು ಮಾಡಿದ್ರು?"

"ಏನ್ಮಾಡ್ತಾರೆ, ಬಾವಿಗಿಳಿದ್ರು. ಮೇಲೆ ಬಂದ್ಮೇಲೆ ಬಾರಿಸಿದ್ರು."

ಗಡಿಯಾರ ನೋಡಿದೆ. ಅಷ್ಟು ಹೊತ್ತಿಗೆ ಟ್ರೈನು ಕ್ಯಾತ್ಸಂದ್ರ ದಾಟಿತ್ತು. ನನ್ನ ತಾಳ್ಮೆಯೂ ದಾಟಿತು. ಕಿರುಚಿದೆ. ಎದುರುಮನೆಯವರು ರಂಗೋಲಿ ಎಳೆ ಅರ್ಧಕ್ಕೇ ನಿಲ್ಲಿಸಿ ಈ ಕಡೆ ನೋಡಿದರು. ಪುಟ್ಟಿ ಅಳಲಿಲ್ಲ. ಕೆಳತುಟಿ ಮಾತ್ರ ಒಂದಿಷ್ಟು ಮುಂದೆ ಬಂತು. ಬೆರಳನ್ನು ಅದರ ಮೇಲಿಟ್ಟುಕೊಂಡು, "ಮೆಲ್ಲಗೆ ಮಾತಾಡು ಅಂತ ನೀನೇ ಅಂತೀಯಲ್ಲ" ಎಂದಳು.

ಆಟೊ ಹಿಡಿದು, ಬಸ್ಸು ಹಿಡಿದು, ಅರ್ಧ ದಿನದ ರಜೆ ಕಳೆದುಕೊಂಡು ಆಫೀಸು ಸೇರಿದೆ. ದಾರಿಯುದ್ದಕ್ಕೂ ಆ ತುಟಿಯೇ ಕಣ್ಣ ಮುಂದೆ. ಸಾಯಂಕಾಲ ಬರುವಾಗ ಒಂದು ಡಬ್ಬಿ ಬಣ್ಣದ ಪೆನ್ಸಿಲ್ ತಂದೆ. ತಪ್ಪು ಮಾಡಿದ್ದು ಯಾರು, ಲಂಚ ಯಾರಿಗೆ ಎನ್ನುವ ಲೆಕ್ಕಕ್ಕೆ ಹೋಗಲಿಲ್ಲ.

ರಾತ್ರಿ ಊಟಕ್ಕೆ ಕೂತೆವು. ಹಿಟ್ಟು, ಬಸ್ಸಾರು. ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಮುದ್ದೆಯೇ. ಅಮ್ಮ ಈಗಲೂ ಪಾವಿನಲ್ಲಿ ರಾಗಿ ಹಿಟ್ಟು ಮೊಗೆದು, ಕಣ್ಣಳತೆಯಲ್ಲೇ ಎಸರಿಗೆ ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ತಿರುವುತ್ತಾಳೆ. ಅವಳ ಮುದ್ದೆಯಲ್ಲಿ ಗಂಟು ಇರುವುದಿಲ್ಲ. ಇದು ನೆಂಟರಿಷ್ಟರೆಲ್ಲ ಒಪ್ಪಿದ ಮಾತು. ನಾನು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಇನ್ನೇನು ಬಾಯಿಗಿಡಬೇಕು, ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು.

"ಅಮ್ಮ, ಗಂಟು" ಎಂದುಬಿಟ್ಟೆ.

ಮನೆ ನಿಶ್ಶಬ್ದವಾಯಿತು. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಗಂಟಾ? ನನ್ನ ಹಿಟ್ಟಲ್ಲಾ?"

ತುತ್ತನ್ನು ಹಿಸುಕಿದೆ. ಕಪ್ಪು ಪ್ಲಾಸ್ಟಿಕ್ ತಲೆ ಮೊದಲು ಹೊರಗೆ ಬಂತು. ಹಿಂದೆಯೇ ಕೀ ಬಂತು, ಚೆನ್ನಾಗಿ ಬೆಂದಿತ್ತು. ತಿರುವುವಾಗ ಟಕ್ ಎಂದಿದ್ದು ಅಮ್ಮನಿಗೆ ಕೇಳಿಸಿತ್ತಂತೆ, ಪಾತ್ರೆಯ ತಳ ಎಂದುಕೊಂಡಳಂತೆ. ಹೆಂಡತಿ ಒಮ್ಮೆ ಕೀ ನೋಡಿದಳು, ಒಮ್ಮೆ ನನ್ನ ಗಂಟಲು ನೋಡಿದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದೇ. ಒಂದು ಕ್ಷಣ ತಡವಾಗಿದ್ದರೂ ಸ್ಕೂಟರ್ ಸ್ಟಾರ್ಟ್ ಮಾಡಲು ಬೆಳಗಿನ ತನಕ ಕಾಯಬೇಕಿತ್ತು. ಅದೂ ಗ್ಯಾರಂಟಿ ಇಲ್ಲ.

"ರಾಗಿ ಹಿಟ್ಟಿನ ಡಬ್ಬೀಲಿ ಯಾಕೆ ಪುಟ್ಟಾ ಇಟ್ಟೆ?"

"ಮೆತ್ತಗಿತ್ತು. ಬೆಳಿಗ್ಗೆ ಚಳಿ ಇತ್ತಲ್ಲ, ಹೊದಿಸಿದೆ" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕೀಯನ್ನು ಸರಿಯಾಗಿ ನೋಡಿದಳು. ಬೆಳಗಿನ ಅದೇ ತುಟಿ ಮತ್ತೆ ಮುಂದೆ ಬಂತು. "ಎಬ್ಬಿಸಿಬಿಟ್ಯಾ?" ಎಂದಿದ್ದೇ ತಡ, ಇಡೀ ದಿನದ್ದು ಸೇರಿಸಿ ಜೋರಾಗಿ ಅಳಲು ಶುರು ಮಾಡಿದಳು.

ಬಣ್ಣದ ಪೆನ್ಸಿಲ್ ತೋರಿಸಿದೆ. ಕಣ್ಣೆತ್ತಿಯೂ ನೋಡಲಿಲ್ಲ.

"ನನ್ನ ಮುಖ ಏನ್ ನೋಡ್ತೀಯಾ?" ಎಂದಳು ಅಮ್ಮ. ಗಂಟಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನೀನೇ ಎಬ್ಬಿಸಿದ್ದು, ನೀನೇ ಮಲಗಿಸು."

ಕೀ ತೊಳೆದು, ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಬಲಗೈಯಲ್ಲಿ ಊಟ ಮಾಡುತ್ತಾ ಎಡಗೈಯಲ್ಲಿ ತಟ್ಟತೊಡಗಿದೆ. ಪುಟ್ಟಿ ಅಳು ನಿಲ್ಲಿಸಿ ಹತ್ತಿರ ಬಂದು ಕೂತು, ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಇನ್ನೂ ಮೆಲ್ಲಗೆ" ಎಂದಳು.